ತಾರಸಿಗೇರಿದ ಹಿತ್ತಿಲು

ಬೆಂಗಳೂರನ್ನು ಬೀದಿಯಿಂದ ನೋಡುವವರಿಗೆ ಕಾಣುವುದು ವಾಹನಗಳ ಸಾಲು ಮತ್ತು ಕಟ್ಟಡಗಳ ಗೋಡೆ. ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಮೂರು ಮಹಡಿಗಳನ್ನೇರಿ ತಾರಸಿಯ ಬಾಗಿಲು ತೆರೆದರೆ ಬೇರೆಯೇ ಒಂದು ಊರು ಕಣ್ಣಿಗೆ ಬೀಳುತ್ತದೆ. ನೀರಿನ ತೊಟ್ಟಿ, ಸೌರಫಲಕ, ಒಣಹಾಕಿದ ಸೀರೆಗಳ ನಡುವೆ ತುಳಸಿ, ದೊಡ್ಡಪತ್ರೆ, ದಾಸವಾಳ, ಕರಿಬೇವಿನ ಕುಂಡಗಳು ಸಾಲುಗೂಡಿ ನಿಂತಿರುತ್ತವೆ. ಅವುಗಳ ಮಧ್ಯೆ ಬಿದಿರುಗಳುವನ್ನು ಆಶ್ರಯಿಸಿ ಆಳೆತ್ತರಕ್ಕೆ ಬೆಳೆದ ಟೊಮ್ಯಾಟೊ ಗಿಡವೊಂದಿದ್ದು, ಅದರಲ್ಲಿ ಮುಷ್ಟಿಗಿಂತ ದಪ್ಪನಾದ, ಪಕ್ಕೆಗಳಲ್ಲಿ ಮಡಿಕೆ ಬಿದ್ದ ಕೆಂಪು ಹಣ್ಣು ತೂಗುತ್ತಿದ್ದರೆ, ಆ ಮನೆಯವರು ಅತಿಥಿಗಳನ್ನು ಮೊದಲು ಕರೆದೊಯ್ಯುವುದು ಅಲ್ಲಿಗೇ.

1898ರ ಪ್ಲೇಗಿನ ತರುವಾಯ ಬೆಳೆದ ಈ ಬಡಾವಣೆಗಳಲ್ಲಿ ಹಿಂದೆ ಮನೆಗೊಂದು ಹಿತ್ತಿಲು ಇರುತ್ತಿತ್ತು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಸಾರಿಗೆ ಬೇಕಾದ ಸೊಪ್ಪು ಕೈಯಳತೆಯಲ್ಲಿತ್ತು. ಕಾಲಾಂತರದಲ್ಲಿ ನಿವೇಶನಗಳು ಪಾಲಾದವು, ಮನೆಗಳು ಎತ್ತರಕ್ಕೆ ಎದ್ದವು, ಹಿತ್ತಿಲಿನ ಮಣ್ಣು ಸಿಮೆಂಟಿನ ಕೆಳಗೆ ಮರೆಯಾಯಿತು. ಆದರೆ ಗಿಡ ನೆಡುವ ಅಭ್ಯಾಸ ಅಷ್ಟು ಸುಲಭವಾಗಿ ಸಾಯುವುದಿಲ್ಲ. ನೆಲವನ್ನು ಕಳೆದುಕೊಂಡ ಅದು ಮೆಟ್ಟಿಲು ಹತ್ತಿ ತಾರಸಿಯನ್ನು ಸೇರಿದೆ.

ಪರದೇಶದ ತರಕಾರಿಯನ್ನು ಅಕ್ಕರೆಯಿಂದ ಸಾಕುವುದು ಈ ಊರಿಗೆ ಹೊಸದೇನೂ ಅಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು 1874ರಲ್ಲಿ ವಹಿಸಿಕೊಂಡ ಜಾನ್ ಕ್ಯಾಮೆರಾನ್, ದೂರದ ನಾಡುಗಳ ಅನೇಕ ಸಸ್ಯಗಳನ್ನು ತರಿಸಿ ಇಲ್ಲಿನ ಮಣ್ಣಿಗೆ ಒಗ್ಗಿಸಿದನು. ಇಂದು ಗಾಂಧಿಬಜಾರಿನಲ್ಲಿ ರಾಶಿ ಬೀಳುವ ಸೀಮೆಬದನೆ ಆ ಪ್ರಯತ್ನದ ಫಲವೆಂದು ಹೇಳುತ್ತಾರೆ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯಲ್ಲಿ ಹುಟ್ಟಿ, ಮೆಕ್ಸಿಕೋದಲ್ಲಿ ಪಳಗಿ, ಯೂರೋಪನ್ನು ಸುತ್ತಿ ಬಂದ ಟೊಮ್ಯಾಟೊ ಕೂಡ ಅಂತಹ ಅತಿಥಿಯೇ. ಉತ್ತರ ಕರ್ನಾಟಕದವರು ಅದನ್ನು ಚಪ್ಪರಬದನೆ ಎಂದು ಕರೆದು ತಮ್ಮದನ್ನಾಗಿ ಮಾಡಿಕೊಂಡರು. ಶ್ರಾದ್ಧದ ಅಡಿಗೆಗೆ ಅದನ್ನು ಇಂದಿಗೂ ಸೇರಿಸದ ಮನೆಗಳಿವೆ. ಉಳಿದ ದಿನಗಳಲ್ಲಿ ಅದಿಲ್ಲದೆ ಆ ಮನೆಗಳಲ್ಲಿಯೂ ಸಾರು ಕುದಿಯುವುದಿಲ್ಲ.

ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ಟೊಮ್ಯಾಟೊ ಎಂದರೆ ಎರಡು ಬಗೆ. ಹುಳಿಯಾದ, ರಸಭರಿತವಾದ, ತುಸು ಚಪ್ಪಟೆಯಾದ ‘ನಾಟಿ’ ಒಂದು; ಗಟ್ಟಿಯಾದ, ಮೊಟ್ಟೆಯಾಕಾರದ ‘ಹೈಬ್ರಿಡ್’ ಇನ್ನೊಂದು. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಹಿಡಿಯುವ ಪೆಟ್ಟಿಗೆಗಳಲ್ಲಿ ಹರಾಜಾಗಿ, ಲಾರಿಯೇರಿ ದೂರದ ರಾಜ್ಯಗಳಿಗೂ ಪಯಣಿಸುವ ಹಣ್ಣಿಗೆ ದಪ್ಪ ಸಿಪ್ಪೆ ಅನಿವಾರ್ಯ. ಬಿಲ್ಲೆಯಾಗಿ ಹೆಚ್ಚಿ ಹಸಿಯಾಗಿಯೇ ತಿನ್ನುವ ದೊಡ್ಡ ಟೊಮ್ಯಾಟೊ ಮೂರನೆಯ ಬಗೆ. ಅದರ ಸಿಪ್ಪೆ ತೆಳು, ತಿರುಳು ಮೃದು. ಗಿಡದಲ್ಲಿಯೇ ಹಣ್ಣಾದ ಮೇಲೆ ಅದು ಲಾರಿಯ ಒಂದು ರಾತ್ರಿಯ ಕುಲುಕಾಟವನ್ನೂ ತಾಳಲಾರದು. ಆದುದರಿಂದ ಅದನ್ನು ಸವಿಯಬೇಕಾದವರು ಬಹುಮಟ್ಟಿಗೆ ತಾವೇ ಬೆಳೆಯಬೇಕು. ಪೇಟೆ ಹೊತ್ತು ತರಲಾರದುದನ್ನು ತಾರಸಿ ಕೊಡಬಲ್ಲದು ಎಂಬುದೇ ಈ ಕೃಷಿಯ ಸಮರ್ಥನೆ.

ಕಾಡು ಟೊಮ್ಯಾಟೊವನ್ನು ಅಡ್ಡಲಾಗಿ ಕೊಯ್ದರೆ ಸಾಮಾನ್ಯವಾಗಿ ಎರಡೇ ಕೋಣೆಗಳು ಕಾಣುತ್ತವೆ. ದೊಡ್ಡ ಜಾತಿಯ ಹಣ್ಣಿನಲ್ಲಿ ಆರು, ಎಂಟು, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದೊಂದು ಹಣ್ಣು ಮುನ್ನೂರು ಗ್ರಾಂ ದಾಟಬಹುದು. ಅಷ್ಟು ಭಾರದ ಫಲವನ್ನು ಕುಂಡದ ಗಿಡದಿಂದ ಪಡೆಯಲು ಋತುವನ್ನು ಅರಿತಿರಬೇಕು. ಹಗಲಿನ ಬಿಸಿಲು ಮಿತಿಮೀರಿದರೆ ಪರಾಗ ಕೆಡುತ್ತದೆ. ರಾತ್ರಿಯೂ ಸೆಕೆಯಾದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ಬೆಂಗಳೂರಿಗೆ ಇಲ್ಲಿ ದೈವಾನುಕೂಲವಿದೆ. ಗಣೇಶನ ಹಬ್ಬದ ವೇಳೆಗೆ ಬೀಜ ಬಿತ್ತಿ, ದಸರೆಯ ಸುಮಾರಿಗೆ ಸಸಿಯನ್ನು ಕುಂಡಕ್ಕೆ ಬದಲಿಸಿದರೆ, ತಂಪಾದ ಇರುಳುಗಳಲ್ಲಿ ಕಾಯಿ ಕಟ್ಟಿ, ಸಂಕ್ರಾಂತಿಯ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ. ಯುಗಾದಿಯ ಬಿಸಿಲಿನಲ್ಲಿ ಹೂಬಿಟ್ಟ ಗಿಡಕ್ಕೆ ಈ ಭಾಗ್ಯವಿಲ್ಲ.

ಕುಂಡ ದೊಡ್ಡದಾಗಿರಬೇಕು. ಹೂಗಿಡದ ಪುಟ್ಟ ಕುಂಡದಲ್ಲಿ ನೆಟ್ಟ ಗಿಡ ಸೊಂಪಾಗಿ ಎದ್ದರೂ ಫಲದ ಕಾಲಕ್ಕೆ ಸೊರಗುತ್ತದೆ. ಒಂದು ಗಿಡಕ್ಕೆ ನಲವತ್ತು ಲೀಟರಿನಷ್ಟಾದರೂ ಹಿಡಿಯುವ ಡ್ರಮ್ಮೋ ಚೀಲವೋ ಒಳ್ಳೆಯದು. ತಳದಲ್ಲಿ ನೀರು ಬಸಿಯುವ ರಂಧ್ರಗಳಿರಬೇಕು. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿಯನ್ನು ಸೇರಿಸುವುದು ರೂಢಿ. ನೀರುಂಡ ಮೇಲೆ ಇದರ ಭಾರ ಸಣ್ಣದಲ್ಲ. ತಾರಸಿಯ ನಡುವೆ ಗುಂಪಾಗಿಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ, ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡುವುದು ಮನೆಗೂ ಕ್ಷೇಮ.

ನೀರಿನ ವಿಷಯದಲ್ಲಿಯೇ ಬಹಳ ಜನ ಸೋಲುವುದು. ಎರಡು ದಿನ ಮರೆತು ಮೂರನೆಯ ದಿನ ಕೊಡಗಟ್ಟಲೆ ಸುರಿದರೆ ಹಣ್ಣು ಬಿರಿಯುತ್ತದೆ. ನೀರು ಹೀಗೆ ಏರುಪೇರಾದಾಗ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲಪದೆ, ಅಲ್ಲಿ ಕಪ್ಪು ಕಲೆ ಕಾಣಿಸಿಕೊಂಡು ಕೊಳೆಯತೊಡಗುತ್ತದೆ. ಇದು ರೋಗವೆಂದು ಬಗೆದು ಔಷಧಿ ಸಿಂಪಡಿಸುವವರುಂಟು. ಬೇಕಾದದ್ದು ಔಷಧಿಯಲ್ಲ, ನಿತ್ಯ ಬೆಳಗಿನ ಕ್ರಮವಾದ ನೀರು ಮತ್ತು ಮಣ್ಣಿನ ಮೇಲೆ ಒಣಗಿದ ಎಲೆಗಳ ಹೊದಿಕೆ.

ಎಲೆ ಮತ್ತು ಕಾಂಡದ ಸಂದಿಯಲ್ಲಿ ಮೂಡುವ ಚಿಗುರುಗಳನ್ನು ಎಳೆಯದರಲ್ಲಿಯೇ ಚಿವುಟಿ, ಒಂದೋ ಎರಡೋ ಕಾಂಡಗಳನ್ನು ಮಾತ್ರ ಗಳುವಿಗೆ ಸಡಿಲವಾಗಿ ಕಟ್ಟಬೇಕು. ಗೊಂಚಲಿಗೆ ಎರಡು ಮೂರು ಕಾಯಿ ಉಳಿಸಿ ಮಿಕ್ಕವನ್ನು ತೆಗೆಯಬೇಕು. ಕಾಯಿ ಕೀಳಲು ಕೈ ಬರುವುದಿಲ್ಲ, ನಿಜ. ಆದರೆ ಎಲ್ಲವನ್ನೂ ಉಳಿಸಿಕೊಂಡರೆ ಯಾವುದೂ ದೊಡ್ಡದಾಗದು. ಟೊಮ್ಯಾಟೊ ಹೂವಿನ ಪರಾಗ ಉದುರಲು ಕಂಪನ ಬೇಕು. ಜೇನುಹುಳು ಆ ಕೆಲಸವನ್ನು ಮಾಡಲಾರದು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ನಮ್ಮ ನಾಡಿನದೇ ಒಂದು ದುಂಬಿ ಹೂವನ್ನು ಹಿಡಿದು ಝೇಂಕರಿಸಿ ಅದನ್ನು ಸಾಧಿಸುತ್ತದೆ. ದುಂಬಿ ಬಾರದ ತಾರಸಿಯಲ್ಲಿ ನಡುಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೂ ಸಾಕು. ಮನೆಯ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸವಿದು.

ಎಲೆಗಳನ್ನು ಮುರುಟಿಸುವ ನಂಜುರೋಗವನ್ನು ಹರಡುವ ಬಿಳಿನೊಣವೇ ದೊಡ್ಡ ಶತ್ರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ರೋಗವನ್ನೂ ಸೊರಗು ರೋಗವನ್ನೂ ಎಲೆಯ ಅಂಗಮಾರಿಯನ್ನೂ ಎದುರಿಸಬಲ್ಲ ‘ಅರ್ಕಾ ರಕ್ಷಕ್’ ತಳಿಯನ್ನು ರೂಪಿಸಿದ್ದಾರೆ. ಅದರ ಹಣ್ಣು ಗಟ್ಟಿ, ಹೊಲಕ್ಕೆ ಹೇಳಿದ್ದು. ಪರದೇಶದ ಹಳೆಯ ದೊಡ್ಡ ಜಾತಿಗಳಿಗೆ ಇಂತಹ ರಕ್ಷಣೆಯಿಲ್ಲ. ಹೊಸದಾಗಿ ತೊಡಗುವವರು ಒಂದು ಕುಂಡದಲ್ಲಿ ಅರ್ಕಾ ರಕ್ಷಕ್, ಇನ್ನೊಂದರಲ್ಲಿ ದೊಡ್ಡ ಜಾತಿ ನೆಟ್ಟರೆ ಸಂಕ್ರಾಂತಿಗೆ ಕೈ ಬರಿದಾಗುವ ಭಯ ಕಡಿಮೆ.

2023ರ ಜುಲೈ ತಿಂಗಳಿನಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಕುಂಡದ ಯೋಚನೆ ಹುಟ್ಟಿತು. ಉಳಿತಾಯಕ್ಕಾಗಿ ತೊಡಗಿದವರಿಗೆ ನಿರಾಶೆಯೇ ಗತಿ. ಡ್ರಮ್ಮು, ಮಣ್ಣು, ಗೊಬ್ಬರಗಳ ವೆಚ್ಚವನ್ನು ನಾಲ್ಕಾರು ಹಣ್ಣುಗಳು ತೀರಿಸಲಾರವು. ಲಾಭವಿರುವುದು ಬೇರೆಡೆ. ಒಂದು ಹಣ್ಣಿಗಾಗಿ ನಾಲ್ಕು ತಿಂಗಳು ಮುಗಿಲು ನೋಡಿದ ಸಂಸಾರಕ್ಕೆ, ಬೆಲೆ ಕುಸಿದು ಕೋಲಾರದ ರೈತ ತನ್ನ ಬೆಳೆಯನ್ನು ರಸ್ತೆಗೆ ಸುರಿದನೆಂಬ ಸುದ್ದಿ ಕೇವಲ ಸುದ್ದಿಯಾಗಿ ಉಳಿಯುವುದಿಲ್ಲ. ಆ ರಾಶಿಯ ಹಿಂದೆ ಎಷ್ಟು ಬೆಳಗಿನ ನೀರು ಇದ್ದಿತೆಂಬುದನ್ನು ಅದು ಬಲ್ಲದು. ತಟ್ಟೆಯ ಅಗಲಕ್ಕೆ ಹರಡಿದ ಕೆಂಪು ಬಿಲ್ಲೆಗೆ ಚಿಟಿಕೆ ಉಪ್ಪು, ಚೂರು ಮೆಣಸಿನಪುಡಿ ಉದುರಿಸಿ ಮಕ್ಕಳು ಬಾಯಿಗಿಡುವಾಗ, ಅಂಗಡಿಯ ಹಣ್ಣಿನ ಬೆಲೆಯೂ ಮನೆಯವರಿಗೆ ಹೊಸದಾಗಿ ತಿಳಿದಿರುತ್ತದೆ.