ಕಾಕಾ ಸುಟ್ಟ ರೈಲು

1/7
ಈ ಫೋಟೊದಲ್ಲಿರುವ ಕಪ್ಪು ಎಂಜಿನ್ ನನ್ನ ಫೋನಿಗಿಂತ ಸಣ್ಣದು. ಆರು ಗಾಲಿ, ಮುಂದೊಂದು ಚಿಮಣಿ, ಎರಡೂ ಪಕ್ಕಕ್ಕೆ ನೀರಿನ ಟ್ಯಾಂಕು. ನೋಡಲಿಕ್ಕೆ ಉಗಿಬಂಡಿ, ಒಳಗೆ ಮಾತ್ರ ಒಂದು ಪುಟ್ಟ ಮೋಟರ್. ಹಳಿಗೆ ಕರೆಂಟ್ ಬಿಟ್ಟರೆ ಓಡುತ್ತದೆ. ಅಂದ್ರೆ, ಓಡಬೇಕು. ನಮ್ಮ ಮನೆಯಲ್ಲಿ ಅದು 1990ರಿಂದ ಓಡಿರಲಿಲ್ಲ.

ನಾನು ಸಣ್ಣಾಕಿ ಇದ್ದಾಗ "ಇದು ಯಾಕ ಓಡಂಗಿಲ್ಲ?" ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಿಮ್ಮ ಕಾಕಾ ಸುಟ್ಟಾನ."

ಇದು ನಮ್ಮ ಮನೆಯ ಹಳೇ ಜೋಕು. ಮದುವೆಮನೆಯಲ್ಲಿ ಲೈಟ್ ಹೋದರೆ "ಕಾಕಾ ಏನರೆ ಮುಟ್ಟಿದ್ಯಾ?" ಮಿಕ್ಸರ್ ಕೆಟ್ಟರೆ "ಕಾಕಾ ಈ ಕಡಿ ಬಂದಿದ್ದನೇನು?" ಎಲ್ಲರೂ ನಗೋರು, ಕಾಕಾನೂ ನಗ್ತಿದ್ದ. ಅವನು ಉಳಿದವರಿಗಿಂತ ಸ್ವಲ್ಪ ತಡವಾಗಿ ನಗ್ತಿದ್ದ ಅನ್ನೋದು ನನಗೆ ಈಗ ನೆನಪಾಗ್ತದ.

ಒಟ್ಟು ಏಳು ಪೋಸ್ಟ್ ಅದಾವ. ನಿಮ್ಮ ಮನೆಯಲ್ಲೂ ಇಂಥ ಹಳೇ ರೈಲಿನ ಡಬ್ಬಿ ಇದ್ದರೆ ಮೂರು, ನಾಲ್ಕು, ಐದನೇದು ಸೇವ್ ಮಾಡಿಟ್ಕೊಳ್ರಿ. ಇಲ್ಲದಿದ್ದರೂ ಏಳರ ತನಕ ಬರ್ರಿ.

2/7
ನಮ್ಮೂರು ಭಂಕೂರ, ಶಹಾಬಾದ್ ಹತ್ತಿರ. ಹೆಸರು ಕೇಳಿಲ್ಲ ಅಂದ್ರೂ ನಮ್ಮ ಕಡೆಯ ಕಲ್ಲಿನ ಮೇಲೆ ನೀವು ನಡೆದಿರ್ತೀರಿ, ಶಹಾಬಾದ್ ಪರ್ಸಿ ಎಲ್ಲಾ ಊರಿಗೂ ಹೋಗ್ಯಾದ. ರೈಲು ನಮಗೆ ಹೊಸದಲ್ಲ. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲೇ ರಾಯಚೂರು ಮುಟ್ಟಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು.

ನಮ್ಮ ಮುತ್ಯಾ ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. 1986ರಲ್ಲಿ ಅಲ್ಲಿನ ಒಬ್ಬ ಸಾಹೇಬರಿಗೆ ಬಾಂಬೆಗೆ ವರ್ಗ ಆಯಿತು. ಅವರ ಮಗ ದೊಡ್ಡವನಾಗಿದ್ದ. ಸಾಮಾನು ಕಟ್ಟುವಾಗ ಮುತ್ಯಾನ ಕೈಗೆ ಈ ಡಬ್ಬಿ ಕೊಟ್ಟು, "ನಿನ್ನ ಹುಡುಗರು ಆಡಲಿ" ಅಂದರಂತೆ. ಮುಚ್ಚಳದ ಮೇಲೆ 'ಟ್ರೈ-ಆಂಗ್ ಹಾರ್ನ್‌ಬಿ' ಅಂತ ಇದೆ. ಇಂಗ್ಲೆಂಡಿನ ಈ ಎರಡು ಹೆಸರು ಒಂದಾಗಿದ್ದು 1965ರಲ್ಲಿ, 1972ರಿಂದ ಬರೀ 'ಹಾರ್ನ್‌ಬಿ ರೈಲ್ವೇಸ್' ಆಯಿತು. ಅಂದ್ರೆ ನಮ್ಮ ಮನೆಗೆ ಬರುವಾಗಲೇ ರೈಲಿಗೆ ಹದಿನೈದು ವರ್ಷ ದಾಟಿತ್ತು.

1990ರ ದೀಪಾವಳಿ. ಅಪ್ಪನಿಗೆ 14, ಕಾಕಾನಿಗೆ 11. ಹಿಂದಿನ ರಾತ್ರಿ ಮುತ್ಯಾ ತಾನೇ ಎಂಜಿನ್ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಸಜ್ಜು ಮಾಡಿದ್ದ. ಮರುದಿನ ಗುಂಡಿ ತಿರುಗಿಸುವ ಪಾಳಿ ಕಾಕಾನದು. ತಿರುಗಿಸಿದ, ಎಂಜಿನ್ ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದ. ಟ್ರಾನ್ಸ್‌ಫಾರ್ಮರ್‌ನಿಂದ ವಾಸನೆ ಬಂತು, ಆಮೇಲೆ ಹೊಗೆ.

ಹೊಡೆತ ಬಿದ್ದವು. ಅದು ಅವತ್ತಿಗೆ ಮುಗಿಯಲಿಲ್ಲ. ಎಸೆಸ್ಸೆಲ್ಸಿ ಆದ ಮೇಲೆ ಕಾಕಾ ಐಟಿಐ ಎಲೆಕ್ಟ್ರಿಷಿಯನ್ ಸೇರ್ತೀನಿ ಅಂದಾಗ ಮುತ್ಯಾ ಅಂದದ್ದು: "ಆಟಿಗಿ ರೈಲು ಸುಟ್ಟಿ, ಊರಿನ ಕರೆಂಟ್ ಏನ್ ಉಳಸ್ತಿ?" ಕಾಕಾ ಕಲ್ಲು ಪಾಲಿಶ್ ಕೆಲಸಕ್ಕೆ ಹೋದ. ಇವತ್ತಿಗೂ ಅದೇ ಕೆಲಸ.

3/7
ಹೋದ ದೀಪಾವಳಿಗೆ ಪುಣೆಯಲ್ಲಿರುವ ಅತ್ತಿ ಮನೆಗೆ ಹೋಗಿದ್ದೆ. ಅಲ್ಲಿ ಕೋಥ್ರುಡ್‌ನಲ್ಲಿ ಜೋಶಿ ಮ್ಯೂಸಿಯಂ ಅಂತ ಇದೆ, ಭಾವುಸಾಹೇಬ್ ಜೋಶಿ ಅನ್ನೋರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಮನೆ. ಒಂದು ಊರೇ ಕಟ್ಟಿಟ್ಟಾರ. ದೀಪ ಆರಿಸ್ತಾರ, ಪುಟ್ಟ ಪುಟ್ಟ ಕಿಟಕಿಗಳಲ್ಲಿ ಬೆಳಕು ಹತ್ತುತ್ತದೆ, ರೈಲು ಹೊರಡುತ್ತವೆ. ಎಲ್ಲರೂ ವಿಡಿಯೋ ಮಾಡ್ತಿದ್ರು. ನನಗೆ ನಮ್ಮ ಅಟ್ಟದ ಡಬ್ಬಿ ನೆನಪಾಯಿತು.

ಊರಿಗೆ ಬಂದು ಇಳಿಸಿದೆ. ಮೊದಲು ಅಳತೆ. ಹಳಿಗಳ ನಡುವೆ 16.5 ಮಿ.ಮೀ. ಇದಕ್ಕೆ ಓಓ ಅಂತಾರೆ, ಎಂಜಿನ್ ಮೈ ನಿಜವಾದದ್ದರ 76ರಲ್ಲಿ ಒಂದು ಪಾಲು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು ಇದೇ ಲೆಕ್ಕದಲ್ಲಿ ಸಣ್ಣದು ಮಾಡಿದರೆ 22 ಮಿ.ಮೀ. ಬರುತ್ತದೆ. ವಾಡಿ ಲೈನಿನ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಎ.ಸಿ., ಇದಕ್ಕೆ ಬೇಕಾಗಿದ್ದು ಬರೀ 12 ವೋಲ್ಟ್ ಡಿ.ಸಿ. ಹಳಿ ಮುಟ್ಟಿದರೂ ಏನೂ ಆಗಂಗಿಲ್ಲ. ಆದರೆ ಹಳೇ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ಪ್ಲಗ್‌ಗೆ ಹಾಕಬ್ಯಾಡ್ರಿ, ಅದರ ವೈರಿನ ಮೇಲಿನ ರಬ್ಬರ್ ಪುಡಿ ಆಗಿರುತ್ತದೆ, ಅಲ್ಲಿ 230 ವೋಲ್ಟ್ ಅದ.

ಆಮೇಲೆ ಗೆಳತಿಯ ಅಣ್ಣನಿಂದ ಮಲ್ಟಿಮೀಟರ್ ತಂದೆ. ಮೋಟರ್ ಸುಟ್ಟಿದೆಯೋ ಇಲ್ಲವೋ ನೋಡೋದು ಸುಲಭ. ತಿರುಗುವ ಭಾಗದ ತುದಿಯಲ್ಲಿ ತಾಮ್ರದ ಮೂರು ತುಂಡು ಇರುತ್ತವೆ, ಅದು ಕಮ್ಯುಟೇಟರ್. ಸ್ಪ್ರಿಂಗ್ ಮತ್ತು ಕಾರ್ಬನ್ ಬ್ರಷ್ ತೆಗೆದು, ಒಂದು-ಎರಡು, ಎರಡು-ಮೂರು, ಮೂರು-ಒಂದು, ಹೀಗೆ ಮೂರು ಸಲ ಓಮ್ ಅಳೆಯಬೇಕು. ಸುರುಳಿ ಸುಟ್ಟಿದ್ದರೆ ಒಂದು ಓದು ಬೇರೆ ಬರುತ್ತದೆ.

ಮೂರೂ ಒಂದೇ ಬಂದವು. ನಂಬಿಕೆ ಬರದೆ ಮತ್ತೆ ಅಳೆದೆ. ಒಂದೇ.

ಎಂಜಿನ್ ಸುಟ್ಟಿರಲಿಲ್ಲ.

4/7
ಈ ಪೋಸ್ಟ್ ಬರೀ ಕೆಲಸದ್ದು.

ಹಳಿ: ಉಕ್ಕಿನದು, ತುಕ್ಕು ಹಿಡಿದಿತ್ತು. ಸ್ಯಾಂಡ್‌ಪೇಪರ್ ಹಾಕಬ್ಯಾಡ್ರಿ. ಗೀರು ಬೀಳುತ್ತವೆ, ಗೀರಿನಲ್ಲಿ ಮತ್ತೆ ಹೊಲಸು ಕೂಡುತ್ತದೆ. ಪೆನ್ಸಿಲ್ ಅಳಿಸುವ ಗಟ್ಟಿ ರಬ್ಬರಿನಿಂದ ತಿಕ್ಕಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸ್ರಿ. ಎರಡು ಹಳಿ ಕೂಡುವ ಜಾಗದ ಲೋಹದ ಪಟ್ಟಿ ಸಡಿಲ ಇದ್ದರೆ ಇಕ್ಕಳದಿಂದ ಸ್ವಲ್ಪ ಒತ್ರಿ. ಕರೆಂಟ್ ದಾಟಬೇಕಾದ್ದು ಅಲ್ಲೇ.

ಗಾಲಿ: ಗಾಲಿಯ ಅಂಚಿನಲ್ಲಿ ಕರೀ ಪದರ ಕೂತಿರುತ್ತದೆ. ಅದು ಇರೋ ತನಕ ಹಳಿಯ ಕರೆಂಟ್ ಮೋಟರ್ ತನಕ ಹೋಗಂಗಿಲ್ಲ. ಹತ್ತಿಕಡ್ಡಿ, ಆಲ್ಕೋಹಾಲ್, ತಾಳ್ಮೆ.

ಗ್ರೀಸ್: ಹಳೇ ಗ್ರೀಸ್ ಒಣಗಿ ಬೆಲ್ಲದ ಪಾಕದ ಹಂಗ ಗಟ್ಟಿ ಆಗಿತ್ತು. ಹಲ್ಲುಚಕ್ರದ ಸಂದಿಯಿಂದ ಕಡ್ಡಿಯಲ್ಲಿ ಕೆದರಿ ತೆಗೆದೆ. ಗಾಲಿ ಕೈಯಿಂದ ತಿರುಗುವ ತನಕ ಕರೆಂಟ್ ಕೊಡಬಾರದು, ಮೋಟರ್ ಬಿಸಿ ಆಗುತ್ತದೆ.

ಎಣ್ಣೆ: ಹೊಲಿಗೆ ಮಷಿನ್ ಎಣ್ಣೆ, ಸೂಜಿ ತುದಿಯಲ್ಲಿ ಒಂದೇ ಹನಿ. ಕೊಬ್ಬರಿ ಎಣ್ಣೆ ಬ್ಯಾಡ. ಕಮ್ಯುಟೇಟರಿಗೆ ಎಣ್ಣೆ ತಾಗಲೇಬಾರದು.

ಮ್ಯಾಗ್ನೆಟ್: ಈ ಹಳೇ ಮೋಟರುಗಳಲ್ಲಿ ಅದನ್ನು ಹೊರಗೆ ತೆಗೆಯಬ್ಯಾಡ್ರಿ. ತೆಗೆದರೆ ಅದರ ಶಕ್ತಿ ಕಡಿಮೆ ಆಗುತ್ತದೆ, ಆಮೇಲೆ ಎಂಜಿನ್ ಬಿಸಿ ಜಾಸ್ತಿ, ಓಟ ಕಡಿಮೆ.

ಕರೆಂಟ್: ಕೆಟ್ಟುಹೋದ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಮನೆಯಲ್ಲಿತ್ತು. ಅದಕ್ಕೊಂದು ಡಿ.ಸಿ. ಮೋಟರ್ ಸ್ಪೀಡ್ ಕಂಟ್ರೋಲರ್ ಆನ್‌ಲೈನ್‌ನಲ್ಲಿ ತರಿಸಿದೆ. ಎರಡು ವೈರು, ಎರಡು ಹಳಿ. ವೈರು ಅದಲು ಬದಲು ಮಾಡಿದರೆ ರೈಲು ಹಿಂದಕ್ಕೆ ಹೋಗುತ್ತದೆ.

ಎಲ್ಲಾ ಮಾಡಿದೆ. ಎಂಜಿನ್ ಹಳಿಯ ಮೇಲೆ ಇಟ್ಟೆ. ಅಡಾಪ್ಟರಿನ ದೀಪ ಆರಿಹೋಯಿತು. ಎಂಜಿನ್ ಎತ್ತಿದೆ, ದೀಪ ಬಂತು. ಇಟ್ಟೆ, ಹೋಯಿತು.

5/7
ದೀಪ ಆರುವುದು ಅಂದ್ರೆ ಶಾರ್ಟ್. ಹೊಸ ಅಡಾಪ್ಟರುಗಳಲ್ಲಿ ಶಾರ್ಟ್ ಆದರೆ ತಾನೇ ಬಂದ್ ಆಗುವ ವ್ಯವಸ್ಥೆ ಇರುತ್ತದೆ, ಅದಕ್ಕೇ ನನ್ನದು ಉಳಿಯಿತು. ಹಳೇ ಟ್ರಾನ್ಸ್‌ಫಾರ್ಮರಿನಲ್ಲೂ ಕಟ್‌ಔಟ್ ಇರುತ್ತದೆ, ಅದು ಕೆಲಸ ಮಾಡದಿದ್ದರೆ ಹೊಗೆ.

ಇಲ್ಲಿಗೆ ನಿಮಗೆ ಅನುಮಾನ ಬಂದಿರಬೇಕು. ನನಗೆ ಬರಲಿಕ್ಕೆ ಮೂರು ದಿನ ಹಿಡಿಯಿತು.

ಫೋಟೊ ಜೂಮ್ ಮಾಡ್ರಿ. ಈ ಮೋಟರಿನ ಹೆಸರು ಎಕ್ಸ್‌ಓ4. ಇದರಲ್ಲಿ ಎರಡು ಕಾರ್ಬನ್ ಬ್ರಷ್ ಇವೆ, ಎರಡನ್ನೂ ಒತ್ತಿ ಹಿಡಿಯುವುದು ಒಂದೇ ಸ್ಪ್ರಿಂಗ್, ಅದಕ್ಕೆ ಎರಡು ಕಾಲು. ಒಂದು ಹಳಿಯ ಕರೆಂಟ್ ಒಂದು ಬ್ರಷ್‌ನಿಂದ ಒಳಗೆ ಹೋಗಿ, ಸುರುಳಿ ಸುತ್ತಿ, ಇನ್ನೊಂದು ಬ್ರಷ್‌ನಿಂದ ಎರಡನೇ ಹಳಿಗೆ ಬರಬೇಕು. ಆದರೆ ಸ್ಪ್ರಿಂಗ್ ಲೋಹದ್ದಲ್ಲವೇ? ಅದರ ಮೇಲೇ ದಾಟಿಹೋದರೆ? ಅದಕ್ಕೇ ಒಂದು ಕಾಲಿಗೆ ಮಾತ್ರ ಸಣ್ಣದೊಂದು ಕೊಳವೆ ತೊಡಿಸಿರುತ್ತಾರೆ, ಅಕ್ಕಿಕಾಳಿನಷ್ಟು ಉದ್ದ, ಕರೆಂಟ್ ದಾಟದಂಥದ್ದು.

ನಮ್ಮ ಎಂಜಿನ್‌ನಲ್ಲಿ ಆ ಕೊಳವೆ ಇರಲಿಲ್ಲ. ಎರಡೂ ಕಾಲು ಬರಿಗಾಲು.

ಕೊಳವೆ ಇಲ್ಲದಿದ್ದರೆ ಗುಂಡಿಯನ್ನು ಯಾರು ತಿರುಗಿಸಿದರೂ ಅಷ್ಟೇ, ನಿಧಾನ ತಿರುಗಿಸಿದರೂ, ಜೋರು ತಿರುಗಿಸಿದರೂ. ಕಾಕಾನ ಜಾಗದಲ್ಲಿ ಅವತ್ತು ಅಪ್ಪ ಕೂತಿದ್ದರೆ ಹೊಗೆ ಅಪ್ಪನ ಕೈಯಲ್ಲಿ ಬರ್ತಿತ್ತು.

6/7
ಕೊಳವೆ ಎಲ್ಲಿ ಹೋಯಿತು ಅಂತ ಇಡೀ ಡಬ್ಬಿ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ಬೇರೆ ಕಡೆ. ಮುತ್ಯಾ ತೀರಿಹೋಗಿ ಹತ್ತು ವರ್ಷ ಆಯಿತು, ಅವನ ಸ್ಕ್ರೂಡ್ರೈವರ್, ಸ್ಕ್ರೂ, ವಾಷರ್ ಇದ್ದ ಬಿಸ್ಕಿಟ್ ಡಬ್ಬಿ ಆಯಿ ಇನ್ನೂ ಇಟ್ಟಾಳ. ಸಣ್ಣ ಸ್ಕ್ರೂ ಬೇಕಿತ್ತು ಅಂತ ತೆರೆದೆ. ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಒಳಗೆ ಹಳದಿ ಬಣ್ಣಕ್ಕೆ ತಿರುಗಿದ, ಅಕ್ಕಿಕಾಳಿನಷ್ಟು ಕೊಳವೆ.

ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ ಅದನ್ನು ಹಾಗೆ ಮಡಿಸಿಟ್ಟಿದ್ದಾನೆ ಅಂದ್ರೆ ಅದು ಏನು ಅಂತ ಅವನಿಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತು? ಹಬ್ಬದ ಮರುದಿನ ಕಸ ಗುಡಿಸುವಾಗ ಸಿಕ್ಕಿತೋ, ಐದು ವರ್ಷದ ಮೇಲೋ? ಐಟಿಐ ಬ್ಯಾಡ ಅಂದಾಗ ಅದು ಡಬ್ಬಿಯಲ್ಲಿ ಇತ್ತೋ? ಕೇಳಲಿಕ್ಕೆ ಅವನಿಲ್ಲ.

ಬಿ.ಕಾಂ. ಗೆಳೆಯರೇ, ಒಬ್ಬರ ಖಾತೆಗೆ ಬರೆಯಬೇಕಾದ್ದನ್ನು ಇನ್ನೊಬ್ಬರ ಖಾತೆಗೆ ಬರೆದರೆ ಏನಾಗ್ತದ? ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗೇ ಆಗ್ತದ, ಅದಕ್ಕೇ ಯಾರಿಗೂ ಗೊತ್ತಾಗಂಗಿಲ್ಲ. ನಮ್ಮ ಮನೆ ಮೂವತ್ತೈದು ವರ್ಷ ಹಂಗೇ ಟ್ಯಾಲಿ ಆಗಿತ್ತು. ಮುತ್ಯಾ ಒಳ್ಳೇ ಫಿಟ್ಟರ್, ಕಾಕಾ ಸುಡೋನು, ಎಲ್ಲರೂ ನಗೋರು.

ಪರೀಕ್ಷೆಯಲ್ಲಿ ಇದಕ್ಕೊಂದು ಎಂಟ್ರಿ ಬರೆದು ಸರಿ ಮಾಡಬಹುದು. ಇಲ್ಲಿ ಯಾರಿಗೆ ಬರೆಯೋದು? ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದ ಮುತ್ಯಾ ಅವನು. ಅಪ್ಪನಿಗೆ ತೋರಿಸಿದೆ. ಅಪ್ಪ ಕೊಳವೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತ. ಆಮೇಲೆ "ಆಯಿಗೆ ಹೇಳಬ್ಯಾಡ" ಅಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಅವಂಗ ಹೇಳು" ಅಂದ.

7/7
ಭಾನುವಾರ ಕಾಕಾ ಬಂದ. ಏನೂ ಹೇಳದೆ ಎಂಜಿನ್ ಮುಂದಿಟ್ಟೆ. "ಕಾಕಾ, ಇದು ಶಾರ್ಟ್ ಆಗ್ತದ. ಯಾಕಂತ ನೋಡು."

"ನಾ ಮುಟ್ಟಿದ್ರ ಸುಡ್ತದವ್ವಾ," ಅಂತ ನಕ್ಕ. ನಾನು ನಗಲಿಲ್ಲ. ಆಗ ಎತ್ತಿಕೊಂಡು ಕಿಟಕಿ ಹತ್ತಿರ ಹೋದ. ಯಾವ ಐಟಿಐ ಇಲ್ಲ, ಯಾವ ವಿಡಿಯೋ ನೋಡಿಲ್ಲ. ನನಗೆ ಮೂರು ದಿನ ಹಿಡಿದದ್ದು ಅವನಿಗೆ ಹತ್ತು ನಿಮಿಷ. "ಈ ಎರಡೂ ಕಾಲು ಒಂದಕ್ಕೊಂದು ಕೂಡ್ಯಾವಲ್ಲ. ಒಂದಕ್ಕ ಏನರೆ ತೊಡಸಬೇಕು."

ಕಾಗದದ ಮಡಿಕೆ ಬಿಚ್ಚಿ ತೋರಿಸಿದೆ. ಎಲ್ಲಿ ಸಿಕ್ಕಿತು ಅಂತಲೂ ಹೇಳಿದೆ.

ಕಾಕಾ ಕಿಟಕಿಯ ಹೊರಗೆ ನೋಡಿದ. "ಅಂದ್ರ ನಾ ಅಲ್ಲ," ಅಂದ. ಬಹಳ ಹೊತ್ತಿನ ಮೇಲೆ, "ಮುದುಕಗ ಹೇಳ್ಲಿಕ್ಕ ಬಾಯಿ ಬಂದಿಲ್ಲ. ಒಗೀಲಿಕ್ಕ ಕೈನೂ ಬಂದಿಲ್ಲ ನೋಡು."

ಹಳೇ ಕೊಳವೆ ಮುಟ್ಟಿದರೆ ಪುಡಿ ಆಗುವ ಹಂಗ ಇತ್ತು. ಅದನ್ನು ಮತ್ತೆ ಮಡಿಸಿ ತನ್ನ ಜೇಬಿನಲ್ಲಿಟ್ಟುಕೊಂಡ. ತೆಳು ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು, ಅಕ್ಕಿಕಾಳಿನಷ್ಟು ಕತ್ತರಿಸಿ, ಸ್ಪ್ರಿಂಗಿನ ಕಾಲಿಗೆ ಅವನೇ ತೊಡಿಸಿದ. ಗುಂಡಿಯನ್ನೂ ಅವನೇ ತಿರುಗಿಸಿದ. ಎಂಜಿನ್ ಗುರ್ ಅಂತು, ಒಂದು ಗೇಣು ಹೋಯಿತು, ನಿಂತಿತು, ಮತ್ತೆ ಹೊರಟಿತು. ಪರ್ಸಿಯ ಸಂದಿ ಬಂದಲ್ಲಿ ಹಳಿ ತಪ್ಪಿ ಬಿತ್ತು. "ಕಲ್ಲಿನ ಲೆವೆಲ್ ನನಗ ಬಿಡು," ಅಂತ ಹಳಿಯ ಕೆಳಗೆ ಮದುವೆ ಕಾರ್ಡ್ ಮಡಿಸಿ ಇಟ್ಟ. ಆಮೇಲೆ ಅದು ಮೂರು ಸುತ್ತು ಎಲ್ಲೂ ನಿಲ್ಲಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ನೋಡಿದ, ಆಮೇಲೆ ಬಂದು ತಮ್ಮನ ಪಕ್ಕ ನೆಲಕ್ಕೆ ಕೂತ. ಇಬ್ಬರೂ ಏನೂ ಮಾತಾಡಲಿಲ್ಲ. ಪಾಳಿ ಮಾತ್ರ ಬದಲಾಯಿಸಿದರು.

ಐಟಿಐ ವಾಪಸ್ ಬರಂಗಿಲ್ಲ, ಅದು ನನಗೂ ಗೊತ್ತು, ಕಾಕಾಗೂ ಗೊತ್ತು. ಆದರೆ ಆ ಜೋಕು ನಮ್ಮ ಮನೆಯಲ್ಲಿ ಬಂದ್ ಆಗ್ಯಾದ. ನಿಮ್ಮ ಮನೆಯಲ್ಲೂ ಯಾರ ಮೇಲಾದರೂ ಇಂಥ ಹಳೇ ಜೋಕು ಇದ್ದರೆ, ಇನ್ನೊಂದು ಸಲ ನಗುವ ಮೊದಲು ಡಬ್ಬಿ ಒಮ್ಮೆ ಬಿಚ್ಚಿ ನೋಡ್ರಿ.

ಇದನ್ನು ಬರೀಲಾ ಅಂತ ಕಾಕಾನನ್ನೇ ಕೇಳಿದೆ. "ಬರಿ. ಮುದುಕನ ಹೆಸರು ಬ್ಯಾಡ, ನನ್ನ ಮುಖ ಬ್ಯಾಡ," ಅಂದ. ಅದಕ್ಕೇ ಕೊನೆಯ ಫೋಟೊದಲ್ಲಿ ಬರೀ ಕೈ. ಕಲ್ಲಿನ ಧೂಳು ಕೂತ ಉಗುರು, ಗುಂಡಿ ಹಿಡಿದ ಬೆರಳು. ಅದು ಕಾಕಾನ ಕೈ.

#ಭಂಕೂರ #ಶಹಾಬಾದ್ #ಮುತ್ಯಾನರೈಲು