ಜೋ ಯಾರನ್ನು ವರಿಸಬೇಕಾಗಿತ್ತು?

ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕದ್ದು ಶಾಲೆಯ ಅಭಿವೃದ್ಧಿಯ ವಿಷಯವೆಂಬುದು ವಾಡಿಕೆ. ಕಟ್ಟಡ, ಪರೀಕ್ಷಾಫಲ, ಬಹುಮಾನಗಳ ಸಂಗತಿಯೆಲ್ಲವೂ ವಾರ್ಷಿಕ ವರದಿಯಲ್ಲಿ ಬರುವುದರಿಂದ ಅದನ್ನೇ ಇಲ್ಲಿ ಪುನಃ ಹೇಳಹೋಗುವುದಿಲ್ಲ. ಶುಕ್ರವಾರದ ಕಡೆಯ ಪೀರಿಯಡ್ಡಿನಲ್ಲಿ ನಾವು ಓದುತ್ತ ಬಂದಿರುವ ಒಂದು ಪುಸ್ತಕವನ್ನು ಕುರಿತು ನಾಲ್ಕು ಮಾತು ಬರೆಯುವೆನು. ನಮ್ಮ ಹಳೆಯ ವಿದ್ಯಾರ್ಥಿನಿಯರು ಪುಸ್ತಕವನ್ನು ಮರೆತಿದ್ದರೂ ಅದರ ಸಲುವಾಗಿ ತಾವು ಆಡಿದ ಜಗಳಗಳನ್ನು ಮರೆತಿರಲಾರರು.

ಪುಸ್ತಕವು ಲೂಯಿಸಾ ಮೇ ಆಲ್ಕಟ್ ಎಂಬ ಅಮೆರಿಕಾದ ಗ್ರಂಥಕರ್ತ್ರಿಯ ‘ಲಿಟಲ್ ವಿಮೆನ್’. ತಂದೆಯು ಯುದ್ಧಭೂಮಿಯಲ್ಲಿ ಸೈನಿಕರ ಪಾದ್ರಿಯಾಗಿರಲು, ತಾಯಿಯೊಡನೆ ಬಡತನದಲ್ಲಿ ದಿನ ಕಳೆಯುವ ಮೆಗ್, ಜೋ, ಬೆತ್, ಏಮಿ ಎಂಬ ಅಕ್ಕತಂಗಿಯರ ಕಥೆಯದು. ‘ಯಾತ್ರಿಕನ ಸಂಚಾರ’ವನ್ನು ಬಲ್ಲ ನಮ್ಮ ಕ್ರೈಸ್ತ ಮನೆಗಳಿಗೆ ಇದು ಪರಕೀಯವೆನಿಸದು. ಆ ಹುಡುಗಿಯರೂ ಚಿಕ್ಕಂದಿನಲ್ಲಿ ಬೆನ್ನಿಗೆ ಗಂಟು ಕಟ್ಟಿಸಿಕೊಂಡು, ನೆಲಮಾಳಿಗೆಯಿಂದ ಮಹಡಿಯವರೆಗೆ ಹತ್ತಿ, ಯಾತ್ರಿಕರ ಆಟವಾಡಿದವರೇ.

ಈ ಪುಸ್ತಕವು ಬೆಳಕಿಗೆ ಬಂದದ್ದರಲ್ಲಿ ಒಬ್ಬ ಬಾಲಿಕೆಯ ಪಾಲಿದೆ. ಹುಡುಗಿಯರಿಗಾಗಿ ಒಂದು ಕಥೆ ಬೇಕೆಂದು ಬಾಸ್ಟನ್ನಿನ ಪ್ರಕಾಶಕರ ಪರವಾಗಿ ಥಾಮಸ್ ನೈಲ್ಸ್ ಎಂಬವರು ಕೇಳಿದಾಗ ಆಲ್ಕಟ್ಟಳಿಗೆ ಮನಸ್ಸಿರಲಿಲ್ಲ. 1868ರಲ್ಲಿ ಬರೆದು ಕಳುಹಿಸಿದ ಮೊದಲ ಅಧ್ಯಾಯಗಳು ನೀರಸವೆಂದು ಅವರಿಗೂ ತೋರಿತು, ಈಕೆಗೂ ತೋರಿತು. ನೈಲ್ಸರು ಕೈಬರಹವನ್ನು ತಮ್ಮ ಬಂಧುಗಳಲ್ಲೊಬ್ಬ ಹುಡುಗಿಗೆ ಓದಲು ಕೊಟ್ಟರು. ಆಕೆ ಬಹಳ ಮೆಚ್ಚಿದಳು. ಇಬ್ಬರು ಪ್ರಾಯಸ್ಥರ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ಮೊದಲು ಅಚ್ಚಾದ 2,000 ಪ್ರತಿಗಳು ಬೇಗನೆ ತೀರಿದುವು.

ಆಮೇಲೆ ಬಂದುವು ಪತ್ರಗಳು. ಇವರು ಯಾರನ್ನು ಮದುವೆಯಾಗುತ್ತಾರೆ ಎಂಬುದೇ ಓದುಗ ಹುಡುಗಿಯರ ಪ್ರಶ್ನೆ. ಜೋಳು ನೆರೆಮನೆಯ ಲಾರಿಯ ಕೈ ಹಿಡಿಯಬೇಕೆಂಬುದೇ ಅವರ ಆಸೆ. ಹೆಣ್ಣಿನ ಬಾಳಿಗೆ ಅದೊಂದೇ ಗುರಿಯೇ ಎಂದು ಈಕೆ ದಿನಚರಿಯಲ್ಲಿ ಬೇಸರಪಟ್ಟುಕೊಂಡು, ಯಾರ ಸಂತೋಷಕ್ಕಾಗಿಯೂ ಜೋಳನ್ನು ಲಾರಿಗೆ ಕೊಡೆನೆಂದು ಹಟ ಹಿಡಿದಳು. ಜೋ ಬರೆಯುತ್ತ ಅವಿವಾಹಿತೆಯಾಗಿಯೇ ಇರಬೇಕೆಂಬುದು ಈಕೆಯ ಇಷ್ಟ. ಕಡೆಗೆ 1869ರ ಎರಡನೆಯ ಭಾಗದಲ್ಲಿ, ನಲವತ್ತರ ಸಮೀಪದ ಬಡ ಜರ್ಮನ್ ಪ್ರೊಫೆಸರನೊಬ್ಬನನ್ನು ತಂದು ಮದುವೆ ಮಾಡಿದಳು. ವಾಚಕರಿಗೂ ಪೂರ್ತಿ ಮಣಿಯಲಿಲ್ಲ, ತನ್ನ ಇಷ್ಟವನ್ನೂ ಪೂರ್ತಿ ನಡೆಸಲಿಲ್ಲ. 1886ರ ‘ಜೋಸ್ ಬಾಯ್ಸ್’ನಲ್ಲಿ ಜೋಳೇ ಪ್ರಸಿದ್ಧ ಲೇಖಕಿಯಾಗಿ ಅಭಿಮಾನಿಗಳ ಕಾಟಕ್ಕೆ ಅಡಗಿಕೊಳ್ಳುವ ಪ್ರಸಂಗವನ್ನು ಓದುವಾಗ, ಆ ಪತ್ರಗಳ ಸೇಡನ್ನು ಈಕೆ ತೀರಿಸಿಕೊಂಡಳೆಂದು ನನಗನಿಸುತ್ತದೆ.

ನಮ್ಮ ಒಂಬತ್ತನೆಯ ತರಗತಿಯಲ್ಲಿ ಆ ಪತ್ರಗಳನ್ನು ಇನ್ನೂ ಬರೆಯುತ್ತಲೇ ಇದ್ದಾರೆ ಎನ್ನಬಹುದು. ಲಾರಿ ಎಂಬ ಹೆಸರು ಕೇಳಿದೊಡನೆ ಮೊದಲ ವಾರವೆಲ್ಲ ನಗೆ. ಮೂರನೆಯ ವಾರಕ್ಕೆ ಅವನ ಪಕ್ಷವೇ ಬಲವಾಗುತ್ತದೆ. ಪ್ರೊಫೆಸರನ ಪಕ್ಷ ಯಾವಾಗಲೂ ಸಣ್ಣದು. ಅವನು ಕೆಲಸದ ಹುಡುಗಿಯ ಕೈಯಿಂದ ಕಲ್ಲಿದ್ದಲಿನ ಹೊರೆಯನ್ನು ಇಸಕೊಂಡು ತಾನೇ ಹೊತ್ತು ಮೆಟ್ಟಿಲೇರಿದನಲ್ಲವೆ, ನಮ್ಮ ಮನೆಗಳಲ್ಲಿ ಯಾವ ಗಂಡಸು ಹಾಗೆ ಮಾಡಿಯಾನು ಎಂದು ಒಬ್ಬಳು ಎದ್ದುನಿಂತು ಕೇಳಿದಾಗ ತರಗತಿಯು ಸ್ತಬ್ಧವಾಯಿತು. ಇಂಥ ಪುಸ್ತಕವನ್ನೋದಿ ಹುಡುಗಿಯರು ಒಳ್ಳೆಯ ಸಂಬಂಧಗಳನ್ನು ಬೇಡವೆಂದರೆ ಏನು ಗತಿಯೆಂದು ಒಬ್ಬ ತಾಯಿ ನನ್ನಲ್ಲಿ ಹೇಳಿದ್ದೂ ಉಂಟು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆನು.

ಇನ್ನು ನಾನು ಹೇಳಬೇಕಾದ ಸಂಗತಿ. ಅಕ್ಕಂದಿರು ತನ್ನನ್ನು ನಾಟಕಕ್ಕೆ ಕರೆದೊಯ್ಯಲಿಲ್ಲವೆಂಬ ಸಿಟ್ಟಿನಿಂದ ಏಮಿಯು ಜೋಳ ಕಥೆಗಳ ಕೈಬರಹವನ್ನು ಸುಟ್ಟುಹಾಕುತ್ತಾಳೆ. ಜೋ ಕ್ಷಮಿಸಲೊಲ್ಲಳು. ಮುಂದೆ ಏಮಿಯು ಹೆಪ್ಪುಗಟ್ಟಿದ ನದಿಯ ಮಂಜು ಒಡೆದು ನೀರಿಗೆ ಬಿದ್ದು ಬದುಕಿದಾಗ ಇಬ್ಬರೂ ಒಂದಾಗುತ್ತಾರೆ. ಜೋ ಕ್ಷಮಿಸಿದ್ದು ಸರಿಯೇ ಎಂದು ಒಂದು ವರ್ಷ ಪ್ರಶ್ನೆ ಕೊಟ್ಟೆನು. ಒಬ್ಬ ಹುಡುಗಿಯು ಸರಿಯಲ್ಲವೆಂದು ಬರೆದಳು. ಏಮಿಯು ನೀರಿಗೆ ಬೀಳದಿದ್ದರೆ ಏನಾಗುತ್ತಿತ್ತು? ಹೆದರಿಕೆಯನ್ನು ಕ್ಷಮೆಯೆನ್ನಬಹುದೆ? ಸಿಟ್ಟನ್ನು ಅಡಗಿಸಿಕೊಳ್ಳೆಂದು ಜೋಳಿಗೆ ಹೇಳಿದವರು ಉಂಟು, ಅವಳ ಪುಸ್ತಕವನ್ನು ಯಾರು ತಂದುಕೊಟ್ಟರು? ಇದು ಅವಳ ಉತ್ತರ. ನಾನು ಕೆಂಪು ಮಸಿಯಲ್ಲಿ, ಕರ್ತನ ಪ್ರಾರ್ಥನೆಯನ್ನು ಪುನಃ ಓದಿಕೊಂಡು ಬಾ ಎಂದು ಬರೆದು, ಹತ್ತಕ್ಕೆ ಮೂರು ಅಂಕ ಹಾಕಿದೆನು. ಅಷ್ಟಕ್ಕೇ ಬಿಡದೆ ತರಗತಿಯ ಮುಂದೆ ಅದನ್ನು ಓದಿಯೂ ಬಿಟ್ಟೆನು.

ಆ ಮೇಲೆ ಆಕೆ ನನಗೆ ಬೇಕಾದುದನ್ನೇ ದುಂಡಗಿನ ಅಕ್ಷರಗಳಲ್ಲಿ ಬರೆದು ಒಳ್ಳೆಯ ಅಂಕ ಪಡೆದಳು. ಹತ್ತನೆಯ ತರಗತಿ ಮುಗಿದು ವರ್ಗಾವಣೆ ಪತ್ರಕ್ಕಾಗಿ ಬಂದ ದಿನ ಅವಳ ತಾಯಿಯು ನಗುತ್ತ, “ಇವಳೂ ಎಂಟನೇ ಕ್ಲಾಸಲ್ಲಿ ಏನೇನೋ ಕಥೆ ಬರೀತಿದ್ದಳು, ಟೀಚರಮ್ಮ. ಇವಳಣ್ಣ ಸಿಟ್ಟಿನಲ್ಲಿ ನೋಟುಬುಕ್ಕು ಒಲೆಗೆ ಹಾಕಿಬಿಟ್ಟ. ಅವತ್ತಿಂದ ಬಿಟ್ಟೇಬಿಟ್ಟಳು” ಎಂದರು. ಹುಡುಗಿಯು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ನಾನು ಪತ್ರಕ್ಕೆ ಮೊಹರು ಹಾಕಿ ಕೊಟ್ಟೆನು. ಬೇರೆ ಮಾತು ಬರಲಿಲ್ಲ.

ಆ ರಾತ್ರಿ ಆ ಅಧ್ಯಾಯವನ್ನು ಪುನಃ ಓದಿದೆನು. ಸುಟ್ಟುಹೋದದ್ದು ಹಲವು ವರ್ಷಗಳ ದುಡಿಮೆ. ಕಥೆಗಳನ್ನು ನಕಲು ಮಾಡಿ ಹಳೆಯ ಪ್ರತಿಯನ್ನು ಜೋಳೇ ಆಗತಾನೆ ನಾಶಮಾಡಿದ್ದುದರಿಂದ ಬೇರೊಂದು ಪ್ರತಿ ಉಳಿದಿರಲಿಲ್ಲ. ಇತರರಿಗೆ ಸಣ್ಣದಾಗಿ ಕಂಡ ಈ ನಷ್ಟವು ಜೋಳಿಗೆ ಎಷ್ಟು ದೊಡ್ಡದೆಂಬುದನ್ನು ಗ್ರಂಥಕರ್ತ್ರಿಯು ತಾನೇ ಹೇಳಿದ್ದಾಳೆ. ನಾನು ಬಾಲ್ಯದಲ್ಲಿ ಬೆತ್ತಳ ಮರಣಕ್ಕೆ ಅತ್ತು, ಈ ಪುಟವನ್ನು ದಾಟಿಹೋಗಿದ್ದೆನು. ಉಪಾಧ್ಯಾಯಿನಿಯಾದ ಮೇಲೂ ದಾಟಿಯೇ ಹೋಗಿದ್ದೆನು.

ಅಂದಿನಿಂದ ಶುಕ್ರವಾರದ ಬರಹಕ್ಕೆ ಅಂಕವಿಲ್ಲ, ಕೆಂಪು ಮಸಿಯೂ ಇಲ್ಲ. ಕೆಲವರು ಮನಬಂದಂತೆ ಗೀಚುತ್ತಾರೆ, ಅದೂ ನಿಜ. ಮೊನ್ನೆ ಒಬ್ಬಳು, ಬೆತ್ತಳಲ್ಲಿ ಒಂದು ತಪ್ಪೂ ಇಲ್ಲ, ಆದುದರಿಂದ ಅವಳು ನಿಜವಾದ ಹುಡುಗಿಯಲ್ಲ ಎಂದು ಬರೆದಿದ್ದಳು. ಅವಳನ್ನು ಕರೆದು, ಬೆತ್ ಎಂಬವಳು ಗ್ರಂಥಕರ್ತ್ರಿಯ ಸ್ವಂತ ತಂಗಿ ಎಲಿಜಬೆತ್ತಳ ನೆನಪಿನಿಂದ ಹುಟ್ಟಿದವಳು, ಆ ತಂಗಿಯು 1858ರಲ್ಲಿ ತೀರಿಕೊಂಡಳು ಎಂದು ತಿಳಿಸಿದೆನು. ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ಅವರಿಗೆ ತಪ್ಪು ಕಂಡಿರಲಿಕ್ಕಿಲ್ಲ, ಮಿಸ್” ಎಂದಳು.

ಮೂರು ಅಂಕದ ಆ ಉತ್ತರಪತ್ರಿಕೆಯು ನನ್ನಲ್ಲಿಲ್ಲ. ಅದನ್ನು ಬರೆದವಳು ಈ ಸಂಚಿಕೆಯನ್ನು ಓದುವುದಾದರೆ, ಮತ್ತು ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿರುವುದಾದರೆ, ಹಳೆಯ ವಿದ್ಯಾರ್ಥಿನಿಯರ ಕೂಟದ ದಿನ ತರಬೇಕೆಂದು ಕೋರುತ್ತೇನೆ. ಅಂಕವನ್ನು ತಿದ್ದುವುದಿದೆ.