ಅಮ್ಮನ 812ನೇ ಲೆವೆಲ್ಲು

ಹೋದ ತಿಂಗಳು ಊರಿಗೆ ಹೋದಾಗ ಒಂದು ಘನಕಾರ್ಯ ಮಾಡಿಬಂದೆ. ಹೇಳ್ಕೊಂಡ್ರೆ ಸ್ವಲ್ಪ ಹಗುರಾಗ್ಬಹುದು ಅಂತ ಇಲ್ಲಿ ಬರೀತಿದೀನಿ.

ನಮ್ಮ ತೋಟ ಇರೋದು ಬೋರನಕಣಿವೆ ಹತ್ರ. ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರಲ್ಲಿ ಬಸ್ಸಿಳಿದು ಹೋಗ್ಬೇಕು. ಬೇರೆಯೋರು ಅಲ್ಲಿಗೆ ಬರೋದು ಜಲಾಶಯ ನೋಡೋಕೆ, ಸಾಯಿಬಾಬಾ ಗುಡಿಗೆ. ನಾನು ಹೋಗೋದು ಅಮ್ಮನ್ನ ನೋಡೋಕೆ. ಅಪ್ಪ ತೀರ್ಕೊಂಡು ಮೂರು ವರ್ಷ ಆಯ್ತು, ತೋಟದ ಮನೇಲಿ ಅವಳೊಬ್ಬಳೇ. ಬೆಂಗಳೂರಿಗೆ ಬಾ ಅಂದ್ರೆ "ಮರಕ್ಕೆ ನೀರು ನೀನು ಬಂದು ಬಿಡ್ತೀಯಾ?" ಅಂತಾಳೆ.

ಸಾಫ್ಟ್‌ವೇರ್ ಇಂಜಿನಿಯರ್ ಅಂತ ಆದ್ಮೇಲೆ ಊರವರ ಫೋನೆಲ್ಲಾ ರಿಪೇರಿ ಮಾಡೋದು ನಮ್ಮ ಕುಲಕಸುಬು ಇದ್ದಂಗೆ. ಈ ಸಲ ಅಮ್ಮಂದೇ ಸರದಿ. "ಯಾಕೋ ನಿಧಾನ ಆಗೈತೆ, ಒಂಚೂರು ನೋಡೋ" ಅಂದ್ಲು. ತೆಗೆದು ನೋಡಿದ್ರೆ ಜಾಗಾನೇ ಇಲ್ಲ. ಗುಡ್ ಮಾರ್ನಿಂಗ್ ಅನ್ನೋ ಗುಲಾಬಿ ಹೂಗಳೇ ಸಾವಿರಾರು! ಎಲ್ಲಾ ಗುಡಿಸಿ ಹಾಕಿದೆ. ಅದೇ ಉತ್ಸಾಹದಲ್ಲಿ ಕ್ಯಾಂಡಿ ಕ್ರಷ್ ಕೂಡ ಕಾಣಿಸ್ತು. ಇದ್ಯಾಕೆ ಸುಮ್ನೆ ಅಂತ ಅದನ್ನೂ ಕಿತ್ತುಹಾಕಿ, ಫೋನು ಈಗ ಕುದುರೆ ಥರ ಓಡುತ್ತೆ ನೋಡು ಅಂತ ಬೀಗಿದೆ.

ಸಂಜೆ ಅಮ್ಮ ಫೋನನ್ನ ಹಿಂದೆ ಮುಂದೆ ತಿರುಗಿಸ್ತಾ ಕೂತಿದ್ಲು. "ಇಲ್ಲೊಂದು ಮಿಠಾಯಿ ಆಟ ಇತ್ತಲ್ಲ?"

ಅದಕ್ಕೇನಂತೆ, ಮಹಡಿ ಮೇಲೆ ಸಿಗ್ನಲ್ ಸಿಗೋ ಜಾಗಕ್ಕೆ ಹೋಗಿ ಮತ್ತೆ ಹಾಕ್ಕೊಟ್ಟೆ. ತೆಗೆದ್ರೆ ಒಂದನೇ ಲೆವೆಲ್ಲು. ಆಟವನ್ನ ಯಾವ ಖಾತೆಗೂ ಜೋಡಿಸಿರಲಿಲ್ಲ, ಅಂದಮೇಲೆ ವಾಪಸ್ ತರೋ ದಾರಿನೇ ಇಲ್ಲ. ಎಷ್ಟಕ್ಕೆ ಬಂದಿದ್ದೆ ಅಂತ ಕೇಳಿದೆ. "812." ಯೋಚನೆ ಕೂಡ ಮಾಡ್ಲಿಲ್ಲ, ನನ್ನ ಹುಟ್ಟಿದ ತಾರೀಖು ಹೇಳೋ ಥರ ಹೇಳಿದ್ಲು. ಆಮೇಲೆ "ಹೋಗ್ಲಿ ಬಿಡು, ಆಟ ತಾನೆ" ಅಂತ ಒಣಗಿದ ಬಟ್ಟೆ ತರೋಕೆ ಎದ್ದುಹೋದ್ಲು.

ಬೈದಿದ್ರೆ ವಾಸಿಯಿತ್ತು.

ನಿಜ ಹೇಳ್ಬೇಕಂದ್ರೆ ನನಗೆ ಈ ಆಟಗಳ ಬಗ್ಗೆ ಒಂಥರಾ ಅಸಡ್ಡೆ. ಹಾಸ್ಟೆಲ್ಲಲ್ಲಿ ರಾತ್ರಿಯೆಲ್ಲಾ ಕೌಂಟರ್ ಸ್ಟ್ರೈಕ್, ಆಮೇಲೆ ಪಬ್‌ಜಿ ಆಡಿದೋನು ನಾನು. ನಾವಾಡೋದು ಗೇಮು, ಅಮ್ಮಂದಿರು ಆಡೋದು ಟೈಂಪಾಸು! ಆದ್ರೆ ಲೆಕ್ಕ ಬೇರೆನೇ ಹೇಳುತ್ತೆ. 2010ರಲ್ಲಿ ಪಾಪ್‌ಕ್ಯಾಪ್ ಅನ್ನೋ ಕಂಪನಿ (ಮೂರು ಹರಳು ಕೂಡಿಸೋ ಬಿಜ್ಯುವೆಲ್ಡ್ ಆಟವನ್ನ 2001ರಲ್ಲಿ ತಂದೋರು ಇವ್ರೇ) ಅಮೆರಿಕ, ಬ್ರಿಟನ್‌ನಲ್ಲಿ ಸಮೀಕ್ಷೆ ಮಾಡಿಸ್ತು. ಫೇಸ್‌ಬುಕ್ಕಿನಂಥ ಕಡೆ ಇಂಥ ಆಟ ಆಡೋ ಸರಾಸರಿ ವ್ಯಕ್ತಿ 43 ವರ್ಷದ ಹೆಂಗಸು ಅಂತ ಬಂತು. ನಾವು ಹಾಸ್ಟೆಲ್ ಹುಡುಗರು ಗೇಮರ್ ಅಂದ್ರೆ ನಾವೇ ಅಂದ್ಕೊಂಡಿದ್ವಿ.

ಸಾಲಿಟೇರ್ ಕಥೆ ಗೊತ್ತಾ? 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಆ ಇಸ್ಪೀಟಾಟ ಬರೆದೋನು ವೆಸ್ ಚೆರಿ ಅನ್ನೋ ಇಂಟರ್ನ್ ಹುಡುಗ. ಅದರಲ್ಲಿ ಅವನೊಂದು ಗುಟ್ಟಿನ ಕೀಲಿ ಇಟ್ಟಿದ್ನಂತೆ. ಬಾಸ್ ಬಂದಾಗ ಒತ್ತಿದ್ರೆ ಆಟ ಮಾಯವಾಗಿ ಸ್ಪ್ರೆಡ್‌ಶೀಟ್ ಕಾಣೋ ಹಂಗೆ! ಮೈಕ್ರೋಸಾಫ್ಟ್‌ನವರು ಅದನ್ನ ತೆಗೆಸಿದ್ರು. ಆಟಕ್ಕೆ ಅವನಿಗೆ ರಾಯಲ್ಟಿನೂ ಸಿಗಲಿಲ್ಲ. ಹುಡುಗನಿಗೆ ಆಡೋರ ಕಷ್ಟ ಸರಿಯಾಗಿ ಗೊತ್ತಿತ್ತು. ಇದು ಇನ್ನೊಬ್ಬರು ಕರೆದ ತಕ್ಷಣ ಬಿಟ್ಟು ಏಳಬೇಕಾದೋರ ಆಟ.

ಕೌಂಟರ್ ಸ್ಟ್ರೈಕ್ ಆಡ್ತಾ ಮಧ್ಯೆ ಎದ್ದು ಹೋದ್ರೆ ಟೀಮಿನೋರು ವಂಶಪೂರ್ತಿ ಬೈತಾರೆ. ಅಮ್ಮ ಅಂಥದ್ದನ್ನ ಆಡೋದಾದ್ರೂ ಹೆಂಗೆ? ಒಲೆ ಮೇಲೆ ಹಾಲು, ಕಾಯಿ ಸುಲಿಯೋರಿಗೆ ಟೀ, ಹಸು ಕೂಗುತ್ತೆ, ನಾನು ಫೋನ್ ಮಾಡ್ತೀನಿ. ಅವಳಿಗೆ ಸಿಗೋದು ಐದೈದು ನಿಮಿಷದ ಚೂರುಗಳು. ಅಜ್ಜಿಗೂ ಇದೇ ಕಥೆ. ಮಧ್ಯಾಹ್ನ ಅಳಗುಳಿಮಣೆ ಇಟ್ಕೊಂಡು ಹುಣಸೆಬೀಜ ಹಾಕ್ತಿದ್ಲು, ಯಾರೋ ಕರೆದ್ರೆ ಬೀಜ ಗುಳಿಯಲ್ಲೇ ಬಿಟ್ಟು ಏಳ್ತಿದ್ಲು, ಬಂದು ಅಲ್ಲಿಂದಲೇ ಶುರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಕೌತುಕನಿಧಿ ಅಂತ ಒಂದು ಭಾಗ ಇಟ್ಟಿದ್ರು. ಮಹಾರಾಜರನ್ನ ಹಾಲು ಉಕ್ತಿದೆ ಬನ್ನಿ ಅಂತ ಯಾರೂ ಕರೀತಿರಲಿಲ್ಲ ಬಿಡಿ :-)

ಕ್ಯಾಂಡಿ ಕ್ರಷ್ಷಲ್ಲಿ ಐದು ಜೀವ. ಸೋತ್ರೆ ಒಂದು ಹೋಗುತ್ತೆ, ಅರ್ಧ ಗಂಟೆಗೊಂದು ವಾಪಸ್ ಬರುತ್ತೆ. ಕಾಯೋಕಾಗ್ದೋರು ದುಡ್ಡು ಕೊಟ್ಟು ಕೊಳ್ಳಲಿ ಅನ್ನೋದು ಲೆಕ್ಕಾಚಾರ. ಜನ ಎಲ್ಲಿ ತಾಳ್ಮೆ ಕಳ್ಕೋತಾರೆ ಅಂತ ಅಳೆಯೋಕೆ ನನ್ನಂಥ ಇಂಜಿನಿಯರುಗಳೇ ಕೂತಿರ್ತಾರೆ, ಅದೇನು ಸಾಧು ಆಟ ಅಲ್ಲ. ಇದನ್ನ ಅಮ್ಮನಿಗೆ ಬಿಡಿಸಿ ಹೇಳಿದೆ. "ಜೀವ ಮುಗಿದ್ರೆ ಒಳ್ಳೇದೇ ಅಲ್ವೇನೋ? ಅಷ್ಟರಲ್ಲಿ ಕೊಟ್ಟಿಗೆ ಕೆಲಸ ಆಯ್ತದೆ" ಅಂದ್ಲು. ಇವಳ ಹತ್ರ ಒಂದು ರೂಪಾಯಿ ಕೀಳೋಕೂ ಆಗಲ್ಲ ಆ ಕಂಪನಿಗೆ.

ಯಾಕಮ್ಮ ಅಷ್ಟು ಇಷ್ಟ ಅಂತ ಕೇಳಿದೆ. ಅವಳು ಹಂಚಿಕಡ್ಡಿ ಸೀಳ್ತಾ ಇದ್ಲು, ತಲೆ ಎತ್ತಲಿಲ್ಲ.

"ಕಾಯಿ ಕೀಳಿಸಿ ಅಟ್ಟಕ್ಕೆ ಹಾಕಿದ್ರೆ ಕೊಬ್ರಿ ಆಗೋಕೆ ಹತ್ತು ಹನ್ನೊಂದು ತಿಂಗಳು. ಅಲ್ಲಾಡ್ಸಿ ಅಲ್ಲಾಡ್ಸಿ ನೋಡ್ಬೇಕು. ಆಮೇಲೂ ತಿಪಟೂರಲ್ಲಿ ಏನು ರೇಟೋ, ಎಷ್ಟು ಕೊಳೆತಿರ್ತದೋ. ಇದ್ರಲ್ಲಿ ಮೂರು ಕೂಡಿಸಿದ್ರೆ ಆಗ್ಲೇ ಟಪ್ಪಂತ ಒಡೀತದೆ."

ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಹೇಳಿದ್ಲು. ತ್ರೀಫೇಸ್ ಕರೆಂಟು ರಾತ್ರಿ ಪಾಳಿ ಇದ್ದಾಗ ಮೋಟ್ರು ಹಾಕೋಕೆ ಮೊದ್ಲೆಲ್ಲಾ ಅಪ್ಪ ಏಳ್ತಿದ್ರು. ಈಗ ಇವಳು ಏಳ್ತಾಳೆ. ಒಂದೂವರೆಗೋ ಎರಡಕ್ಕೋ ಎದ್ದು, ಕರೆಂಟು ಬರೋವರೆಗೂ ಜಗಲಿ ಮೇಲೆ ಕೂರ್ಬೇಕು. "ಸುಮ್ನೆ ಕೂತ್ರೆ ಏನೇನೋ ನೆನಪಾಯ್ತದೆ. ಇದಾದ್ರೆ ಕಣ್ಣು ಅಲ್ಲೇ ಇರ್ತದೆ." ಕೆಳಗೆ ಸಿಗ್ನಲ್ ಇಲ್ಲದಿದ್ರೂ ಆಟ ನಡೆಯುತ್ತೆ, ಅದೂ ಒಂದು ಅನುಕೂಲ ಅಂತ ಸೇರಿಸಿದ್ಲು.

ಆ 812ರಲ್ಲಿ ಅಂಥ ರಾತ್ರಿಗಳು ಎಷ್ಟಿದ್ವು ಅಂತ ನಾನು ಕೇಳಲಿಲ್ಲ.

ಬರೋ ಮುಂಚೆ ಆಟವನ್ನ ಒಂದು ಖಾತೆಗೆ ಜೋಡಿಸಿ, ಪಾಸ್‌ವರ್ಡನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟು ಬಂದೆ. ಕೆಲವು ಲೆವೆಲ್ ನಾನೇ ಆಡಿ ಮುಂದೆ ದಾಟಿಸ್ಲಾ ಅಂದಿದ್ದಕ್ಕೆ "ಏನ್ ಬೇಡ, ನಂದು ನಾನು ಆಡ್ಕೋತೀನಿ" ಅಂತ ಫೋನ್ ಕಿತ್ಕೊಂಡ್ಲು.

ಮೊನ್ನೆ ರಾತ್ರಿ ನನ್ನದೊಂದು ರಿಲೀಸ್ ಇತ್ತು, ಎರಡು ಗಂಟೆವರೆಗೂ ಎಚ್ಚರ. ಏನಾದ್ರಾಗ್ಲಿ ಅಂತ ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದ್ಲು.

"ಎಷ್ಟನೇದು?"

"61. ಮೊದಮೊದ್ಲಿನವು ಸುಲಭ ಕಣೋ, ನೀನು ಇನ್ನೂ ಯಾಕೆ ಮಲಗಿಲ್ಲ... ಇರು ಇರು, ಕರೆಂಟು ಬಂತು" ಅಂತ ಇಟ್ಟೇಬಿಟ್ಲು.